ಕುದುರೆಗಾಡಿಯ ಹಿಂದೆ ಎಳೆಯುವ ಪುಟ್ಟ ಮಲಗುವ ಟ್ರೈಲರ್: ಅಗಲ, ತೂಕ, ಬ್ರೇಕ್ ಸರಿಯಿದೆಯಾ ನೋಡಿ

ನಾಲ್ಕುಗಾಲಿ:

ಜೋಡಿ ಕುದುರೆಯ ನಾಲ್ಕು ಚಕ್ರದ ಗಾಡಿಗೆ ಹಿಂದಿನಿಂದ ಸಿಕ್ಕಿಸಿ ಎಳೆಯಲು, ಇಬ್ಬರು ಮಲಗುವಷ್ಟು ಜಾಗ ಇರುವ ಟ್ರೈಲರ್ ಮಾಡಬೇಕು. ಕಬ್ಬಿಣ ಕತ್ತರಿಸುವ ಮೊದಲು ತಪ್ಪಿದ್ದರೆ ಹೇಳಿಬಿಡಿ.

ಗಾಡಿ: ಖಾಲಿ ತೂಕ 380 ಕಿಲೋ, ಗಾಳಿ ಟೈರು. ಎಡ ಟೈರಿನ ನಡುವಿನಿಂದ ಬಲ ಟೈರಿನ ನಡುವಿಗೆ 1.4 ಮೀಟರ್. ಹಿಂಬದಿಯ ಹಲಗೆ 1.5 ಮೀಟರ್ ಅಗಲ. ಹಿಂದಿನ ಚಕ್ರಗಳಿಗೆ ಕಾಲಲ್ಲಿ ಒತ್ತುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದೆ. ಕುದುರೆಗಳು ತಲಾ 450 ಕಿಲೋ. ಕೂರುವವರು ಇಬ್ಬರು, ಗಾಡಿಯಲ್ಲಿ ಸಾಮಾನು 80 ಕಿಲೋ.

ಟ್ರೈಲರ್: ಪೆಟ್ಟಿಗೆ 2.2 ಮೀಟರ್ ಉದ್ದ, 1.25 ಅಗಲ, 1.2 ಎತ್ತರ. ಚಕ್ರಗಳ ನಡುವೆ ತಗ್ಗಾಗಿ ಕೂರಿಸುವ ಯೋಚನೆ. ಫ್ರೇಮಿಗೆ 50×50×3 ಎಂಎಂ ಚೌಕ ಪೈಪು. ನೆಲ, ಗೋಡೆ, ಚಾವಣಿ ಎಲ್ಲದಕ್ಕೂ 12 ಎಂಎಂ ಪ್ಲೈವುಡ್. 13 ಇಂಚಿನ ಕಾರಿನ ಚಕ್ರ, 155 ಎಂಎಂ ಟೈರು, ಗಾಡಿಯಷ್ಟೇ 1.4 ಮೀಟರ್ ಅಂತರ. 50 ಎಂಎಂ ಗುಂಡಿನ (ಬಾಲ್) ಕೊಂಡಿ. ಬ್ರೇಕಿಗೆ ಕಾರಿನ ಟ್ರೈಲರಿಗೆ ಹಾಕುವ ಎಲೆಕ್ಟ್ರಿಕ್ ಡ್ರಮ್ ಸೆಟ್, 12 ವೋಲ್ಟ್ ಬ್ಯಾಟರಿ.

ಇಷ್ಟು ತೂಕ ಕುದುರೆಗಳಿಗೆ ಹೆಚ್ಚಾಗುತ್ತದೆಯೇ? ಎಲೆಕ್ಟ್ರಿಕ್ ಬ್ರೇಕ್ ಸಾಕೇ?

ಕೀಲೆಣ್ಣೆ:

ಮೊದಲು ಅಗಲ ನೋಡಿ. ಟೈರಿನ ನಡುವಿನಿಂದ ನಡುವಿಗೆ 1.4 ಮೀಟರ್ ಅಂದರೆ ಒಳಗಡೆ ಉಳಿಯುವುದು 1.4ರಲ್ಲಿ 0.155 ಕಳೆದು 1.245. ನಿಮ್ಮ ಪೆಟ್ಟಿಗೆ 1.25. ಕೂರುವುದೇ ಇಲ್ಲ! ಟೈರಿಗೂ ಗೋಡೆಗೂ ಎರಡೂ ಕಡೆ 4 ಸೆಂ.ಮೀ. ಬಿಟ್ಟರೆ ಕೆಳಗಿನ ಪೆಟ್ಟಿಗೆ 1.16ಕ್ಕೆ ಇಳಿಯಬೇಕು. ಹಾಗಂತ ಚಕ್ರದ ಅಂತರ ಹಿಗ್ಗಿಸಲು ಹೋಗಬೇಡಿ. ಟ್ರೈಲರಿನ ಚಕ್ರ ಗಾಡಿಯ ಚಕ್ರ ತುಳಿದ ಜಾಡಿನಲ್ಲೇ ಬರಬೇಕು. ಮೆತ್ತನೆ ನೆಲದಲ್ಲಿ ಹೊಸ ಜಾಡು ಒತ್ತಿಕೊಂಡು ಬರುವ ಚಕ್ರ ಕುದುರೆಗಳಿಂದ ಎರಡನೇ ಸಲ ಕೂಲಿ ವಸೂಲಿ ಮಾಡುತ್ತದೆ. ನೆಲ 1.16 ಇರಲಿ, ಚಕ್ರದ ಮೇಲಕ್ಕೆ ಬಂದ ನಂತರ ಗೋಡೆಯನ್ನು ಹೊರಕ್ಕೆ ಚಾಚಿ 1.4 ಮಾಡಿ. ಇಂಗ್ಲೆಂಡಿನ ಅಲೆಮಾರಿ ರೋಮಾನಿ ಜನರ ಹಳೆಯ ಮನೆಗಾಡಿಗಳಲ್ಲಿ ‘ಲೆಡ್ಜ್’ ಎನ್ನುವ ಬಗೆ ಹೀಗೇ, ಚಕ್ರದ ಮೇಲೆ ಜಗುಲಿಯಂತೆ ಚಾಚಿಕೊಂಡಿರುತ್ತದೆ. ಹಾಸಿಗೆಯನ್ನು ಆ ಜಗುಲಿಯ ಮಟ್ಟಕ್ಕೆ ಏರಿಸಿದರೆ ಕೆಳಗೆ ಸಾಮಾನಿಗೆ ಜಾಗ, ಮೇಲೆ 1.4 ಮೀಟರ್ ಮಲಗುವ ಅಗಲ.

ಇನ್ನು ತೂಕ. 12 ಎಂಎಂ ಪ್ಲೈ ಚದರ ಮೀಟರಿಗೆ ಹತ್ತಿರ ಹತ್ತಿರ 7 ಕಿಲೋ, 6 ಎಂಎಂ ಅದರ ಅರ್ಧ. ನಿಮ್ಮ ಪೆಟ್ಟಿಗೆಯ ಆರೂ ಮುಖ ಸೇರಿ 13.8 ಚದರ ಮೀಟರ್, ಅಂದರೆ ಹಲಗೆಯೇ 96 ಕಿಲೋ. ನೆಲಕ್ಕೆ ಮಾತ್ರ 12, ಗೋಡೆಗೆ 6, ಚಾವಣಿಗೆ ಕ್ಯಾನ್ವಾಸ್ ಎಂದರೆ 48ಕ್ಕೆ ಇಳಿಯುತ್ತದೆ, ಕಮಾನು ಮತ್ತು ಬಟ್ಟೆಗೆ ಇನ್ನೊಂದು 10. 50×50×3 ಪೈಪು ಮೀಟರಿಗೆ 4.4 ಕಿಲೋ. ಮೂತಿಯ (ಕೊಂಡಿ ಇರುವ ಮುಂದಿನ ತುದಿ) ಎರಡು ಓರೆ ತೋಳು, ಉದ್ದದ ಎರಡು ತೊಲೆ, ಇವಕ್ಕೆ ಅದೇ ಇರಲಿ. ಅಡ್ಡಪಟ್ಟಿಗಳಿಗೆ 40×40×2 ಸಾಕು, ಅದು ಮೀಟರಿಗೆ 2.4 ಕಿಲೋ. ಹೀಗೆ ಫ್ರೇಮು 55ರಿಂದ 45ಕ್ಕೆ ಬರುತ್ತದೆ. ಅಚ್ಚು, ಲೀಫ್ ಸ್ಪ್ರಿಂಗು, ಡ್ರಮ್, ಚಕ್ರ ಎಲ್ಲ ಸೇರಿ 70 ಹಿಡಿಯಿರಿ. ಬಾಗಿಲು, ಒಳಪಟ್ಟಿ, ಸ್ಕ್ರೂ, ದೀಪ 25. ಖಾಲಿ ಟ್ರೈಲರ್ 200ರ ಆಸುಪಾಸು. ನಿಮ್ಮ ಪ್ಲಾನಿನಂತೆ ಮಾಡಿದರೆ 246.

ಅದರೊಳಗೆ ಏನು ಹೋಗುತ್ತದೆ ಎನ್ನುವುದನ್ನು ನೀವು ಬರೆದೇ ಇಲ್ಲ. ಕುದುರೆ ತನ್ನ ಮೈತೂಕದ ಶೇ. 2ರಷ್ಟು ಒಣಮೇವು ತಿನ್ನುತ್ತದೆ, ಎರಡಕ್ಕೂ ಸೇರಿ ದಿನಕ್ಕೆ 18 ಕಿಲೋ. 20 ಲೀಟರಿನ ಎರಡು ಕ್ಯಾನ್ ನೀರು 40 ಕಿಲೋ, ಅದೂ ಒಂದು ಕುದುರೆಯ ಒಂದು ದಿನದ ನೀರಿನಷ್ಟೇ. ಹಾಸಿಗೆ 12, ರಾತ್ರಿ ಕುದುರೆ ಬಿಡುವ ಬೇಲಿಯ ಗೂಟ, ಹಗ್ಗ 10. ಒಟ್ಟು 80. ತೆಳ್ಳಗೆ ಮಾಡಿದರೂ ಟ್ರೈಲರ್ 280 ಕಿಲೋ, ಗಾಡಿ ಜನ ಸಾಮಾನು 600, ಒಟ್ಟು 880.

ಕುದುರೆ ದಿನವಿಡೀ ನಡಿಗೆಯಲ್ಲಿ ಎಳೆಯಲು ಮೈತೂಕದ ಹತ್ತನೇ ಒಂದು ಭಾಗದಷ್ಟು ಎಳೆತ ಎನ್ನುವುದು ವಾಡಿಕೆ ಲೆಕ್ಕ. ನಿಮ್ಮ ಜೋಡಿಗೆ 90 ಕಿಲೋ ಎಳೆತ. ಡಾಂಬರಿನ ಸಮತಟ್ಟಿನಲ್ಲಿ ಬೇಕಾಗುವುದು ಒಟ್ಟು ತೂಕದ ಶೇ. 2, ಅಂದರೆ 18. ಮಕ್ಕಳಾಟ. 100 ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ 53 ಸೇರಿ 71, ಇದೂ ಆಗುತ್ತದೆ. 10 ಮೀಟರಿನ ಏರಿನಲ್ಲಿ 106, ಆಗಾಗ ನಿಲ್ಲಿಸಿ ಉಸಿರು ಬಿಡಿಸಿದರೆ ದಾಟುತ್ತವೆ.

ಎಲ್ಲರೂ ಇಷ್ಟಕ್ಕೇ ಲೆಕ್ಕ ನಿಲ್ಲಿಸುತ್ತಾರೆ. ಡೇರೆ ಹಾಕುವ ಹುಲ್ಲುಗಾವಲನ್ನು ಲೆಕ್ಕಕ್ಕೆ ಹಿಡಿದು ನೋಡಿ. ಮೆತ್ತನೆ ಹುಲ್ಲುನೆಲದಲ್ಲಿ ಉರುಳುವ ತಡೆಯೇ ಶೇ. 8, ಅಂದರೆ 70 ಕಿಲೋ. ಅದು 100ಕ್ಕೆ 3 ಮೀಟರ್ ಏರಿದರೂ ಸಾಕು, ಒಟ್ಟು 97. ಕಡಿದಾದ ಏರು ಬಿಟ್ಟರೆ ದಿನದ ಅತಿ ಭಾರದ ಎಳೆತ ಬರುವುದು ಸಂಜೆ, ಕುದುರೆ ಸೋತಿರುವಾಗ, ಗೇಟಿನಿಂದ ಒಳಗಿನ 50 ಮೀಟರಿನಲ್ಲಿ. ಆದ್ದರಿಂದ ಟ್ರೈಲರನ್ನು ಗೇಟಿನ ಹತ್ತಿರ ಗಟ್ಟಿ ನೆಲದಲ್ಲೇ ಕಳಚಿ ಅಲ್ಲೇ ಮಲಗುವಂತೆ ಯೋಚಿಸಿ. ಮೂತಿಗೆ ಎತ್ತಿ ಇಳಿಸುವ ಪುಟ್ಟ ಜಾಕಿ ಚಕ್ರ, ಹಿಂದಿನ ಎರಡು ಮೂಲೆಗೆ ಇಳಿಸುವ ಕಾಲು ಇದ್ದರೆ ಐದು ನಿಮಿಷದ ಕೆಲಸ.

ಅಂದಹಾಗೆ, ಎರಡು ಚಕ್ರದ ಗಾಡಿಗೆ ಇದನ್ನು ಸಿಕ್ಕಿಸಬಹುದಾ ಅಂತ ಯಾರಾದರೂ ಮುಂದೆ ಕೇಳಿಯೇ ಕೇಳುತ್ತಾರೆ. ಬೇಡ. ಮೂತಿಯ ಭಾರ ಹಿಂದೆ ಕೂತರೆ ಮುಂದೆ ಮೂಕಿ ಮೇಲಕ್ಕೆದ್ದು ಹೊಟ್ಟೆಪಟ್ಟಿ ಕುದುರೆಯನ್ನು ಎತ್ತಿ ಹಿಡಿಯುತ್ತದೆ.

ತಿರುಪು:

ಬ್ರೇಕಿನ ಬಗ್ಗೆ. ಎಲೆಕ್ಟ್ರಿಕ್ ಡ್ರಮ್ ಬಿಟ್ಟುಬಿಡಿ. ಅದರೊಳಗಿನ ಮ್ಯಾಗ್ನೆಟ್ ತಿರುಗುವ ಡ್ರಮ್ಮಿನ ಮುಖಕ್ಕೆ ಕಚ್ಚಿ, ಅದರ ಜೊತೆ ಸ್ವಲ್ಪ ಜರುಗಿ, ಆ ಜರುಗುವಿಕೆಯಿಂದ ಬ್ರೇಕ್ ಶೂ (ಡ್ರಮ್ಮಿನ ಒಳಮೈಗೆ ಉಜ್ಜುವ ಪಟ್ಟಿ) ಒತ್ತುವ ಏರ್ಪಾಟು. ಕಾರಿನ ವೇಗಕ್ಕೆ ಸರಿ. ಗಂಟೆಗೆ 6 ಕಿ.ಮೀ. ನಡಿಗೆಯಲ್ಲಿ ಹಿಡಿತ ಸಡಿಲ, ನಿಂತ ಮೇಲಂತೂ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದಿಲ್ಲ. ಕುದುರೆಗಾಡಿಗೆ ಬ್ರೇಕ್ ಬೇಕಾಗುವುದೇ ಈ ಎರಡು ಹೊತ್ತಿನಲ್ಲಿ.

ನಿಮ್ಮ ಗಾಡಿಯ ಕಾಲುಬ್ರೇಕಿನ ಪೈಪಿಗೇ ಕವಲೊಡೆಯುವ ಟಿ ಜೋಡಣೆ ಹಾಕಿ ಟ್ರೈಲರಿಗೂ ಎಳೆಯೋಣ ಎಂದು ಮುಂದಿನ ಯೋಚನೆ ಬರುತ್ತದೆ. ಅದೂ ಬೇಡ. ಎರಡು ಕ್ಯಾಲಿಪರಿಗೆಂದು (ಡಿಸ್ಕನ್ನು ಹಿಡಿಯುವ ಇಕ್ಕಳ) ಇರುವ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆ ತಳ್ಳುವ ಕೊಳವೆ) ನಾಲ್ಕಕ್ಕೆ ಎಣ್ಣೆ ತಳ್ಳಬೇಕಾದರೆ ಪೆಡಲ್ ನೆಲ ಮುಟ್ಟುತ್ತದೆ. ದೊಡ್ಡ ಸಿಲಿಂಡರ್ ಹಾಕಿದರೆ ಕಾಲಿಗೆ ಒತ್ತುವ ಬಲ ಹೆಚ್ಚು ಬೇಕು. ಅದಕ್ಕಿಂತ ಕೆಟ್ಟದ್ದೆಂದರೆ ಕೊಂಡಿಯ ಬಳಿ ಒದ್ದಾಡುವ ರಬ್ಬರ್ ಹೋಸು ಹರಿದ ದಿನ ಗಾಡಿಯ ಬ್ರೇಕೂ ಅದರ ಜೊತೆಗೇ ಹೋಗುತ್ತದೆ.

ಟ್ರೈಲರಿಗೆ ಬೇರೆ ಲಿವರ್, ಬೇರೆ ಕೇಬಲ್. ಸೀಟಿನ ಬಲಕ್ಕೆ ಹಲ್ಲುಪಟ್ಟಿ ಇರುವ ಕಾರಿನ ಹ್ಯಾಂಡ್‌ಬ್ರೇಕ್ ಲಿವರ್, ಅಲ್ಲಿಂದ ಕವಚದೊಳಗೆ ಹೋಗುವ ಕೇಬಲ್, ಟ್ರೈಲರಿನಲ್ಲಿ ಸಮತೂಕದ ಅಡ್ಡಪಟ್ಟಿ, ಅದರಿಂದ ಎರಡು ಡ್ರಮ್ಮಿಗೆ ಎರಡು ಕೇಬಲ್. ಅಡ್ಡಪಟ್ಟಿ ನಡುವಿನ ಒಂದೇ ಬೋಲ್ಟಿನ ಮೇಲೆ ಅತ್ತಿತ್ತ ಓಲಾಡುವಂತಿರಬೇಕು, ಇಲ್ಲದಿದ್ದರೆ ಒಂದು ಚಕ್ರ ಹಿಡಿದು ಇನ್ನೊಂದು ಉರುಳುತ್ತಲೇ ಇರುತ್ತದೆ. ಕೊಂಡಿಯ ಮೇಲೆ ಕವಚ ಇಲ್ಲದ ಬರೀ ತಂತಿ ದಾಟಿಸುವುದಾದರೆ ಅದು ಗುಂಡಿನ ನಡುವಿನ ನೇರಕ್ಕೇ ಹಾಯಬೇಕು. 10 ಸೆಂ.ಮೀ. ಪಕ್ಕಕ್ಕೆ ಹೋದರೂ ಒಂದು ಕಡೆ ತಿರುಗಿದಾಗ ಬ್ರೇಕ್ ತಾನೇ ಬೀಳುತ್ತದೆ, ಇನ್ನೊಂದು ಕಡೆ ತಿರುಗಿದಾಗ ಸಡಿಲವಾಗುತ್ತದೆ. ಕವಚದ ಕೇಬಲಿಗೆ ಈ ಕಾಟವಿಲ್ಲ, ಆದರೆ ಉದಾರವಾಗಿ ಸುತ್ತು ಬಿಡಿ. ಬಾಗುವ ಕಡೆ 15 ಸೆಂ.ಮೀ.ಗಿಂತ ಬಿಗಿಯಾದ ತಿರುವು ಇರಬಾರದು. ಕವಚದ ಬಾಯಿ ಕೆಳಮುಖವಾಗಿರಲಿ, ಮೇಲ್ಮುಖವಾದರೆ ಮಳೆನೀರು ಇಳಿದು ತುಕ್ಕು ಹಿಡಿದು ಕೇಬಲ್ ಎಳೆದ ಜಾಗದಲ್ಲೇ ನಿಂತುಬಿಡುತ್ತದೆ.

ಬಳಸುವ ಕ್ರಮವೂ ಮುಖ್ಯ. ಇಳಿಜಾರು ಶುರುವಾಗುವ ಮೊದಲೇ ಟ್ರೈಲರಿನ ಲಿವರ್ ಎರಡು ಹಲ್ಲು ಎಳೆಯಿರಿ, ಗಾಡಿಯ ಪೆಡಲ್ ಆಮೇಲೆ. ಹಿಂದಿನದು ಮೊದಲು ಹಿಡಿದರೆ ಇಡೀ ಸಾಲು ಜಗ್ಗಿ ನೇರವಾಗಿರುತ್ತದೆ. ಗಾಡಿ ಮೊದಲು ಹಿಡಿದರೆ ಟ್ರೈಲರ್ ಗಾಡಿಯ ಬಾಲವನ್ನು ಪಕ್ಕಕ್ಕೆ ತಳ್ಳುತ್ತದೆ, ತೇವದ ಹುಲ್ಲಿನ ಮೇಲೆ ಅದು ಮಡಚಿಕೊಳ್ಳುವುದಕ್ಕೆ ಇಷ್ಟು ಸಾಕು. 100ಕ್ಕೆ 10 ಮೀಟರ್ ಇಳಿಜಾರಿನಲ್ಲಿ 880 ಕಿಲೋ ಸಾಲು 70 ಕಿಲೋ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಬ್ರೇಕ್ ಇಲ್ಲದಿದ್ದರೆ ಅದನ್ನೆಲ್ಲ ತಡೆಯಬೇಕಾದದ್ದು ಕುದುರೆಗಳ ತೊಡೆಯ ಹಿಂದಿನ ಪಟ್ಟಿ.

ಗರಗಸ:

ಇಷ್ಟೆಲ್ಲ ಯಾಕೆ? ಟ್ರೈಲರ್ ಮುಂದಕ್ಕೆ ತಳ್ಳಿದಾಗ ತಾನಾಗಿಯೇ ಬ್ರೇಕ್ ಹಿಡಿಯುವ ಕೊಂಡಿ ಸಿಗುತ್ತದಲ್ಲ, ಓವರ್‌ರನ್ ಅಂತ. ಅದಕ್ಕೆ ವೇಗ ಬೇಕಿಲ್ಲ, ತಳ್ಳುವ ಬಲ ಸಾಕು. ಲಿವರೂ ಬೇಡ, ಮರೆಯುವ ಭಯವೂ ಇಲ್ಲ.

ತಿರುಪು:

ವೇಗ ಬೇಕಿಲ್ಲ, ಒಪ್ಪಿದೆ. ಆದರೆ ಅಂಥ ಕೊಂಡಿಯ ಒಳಗಿನ ಸ್ಪ್ರಿಂಗ್ ಮತ್ತು ಡ್ಯಾಂಪರು ಭಾರದ ಟ್ರೈಲರಿಗೆ ಹೊಂದಿಸಿದ್ದು. 750 ಕಿಲೋಗೆಂದು ಮಾಡಿದ್ದನ್ನು 280ಕ್ಕೆ ಹಾಕಿದರೆ, 100ಕ್ಕೆ 5 ಮೀಟರ್ ಇಳಿಜಾರಿನಲ್ಲಿ ಬರುವ 8 ಕಿಲೋ ತಳ್ಳುವಿಕೆಗೆ ಅದು ಕದಲುವುದೂ ಇಲ್ಲ. ಎರಡನೆಯದು, ಅದು ಹಿಡಿಯಬೇಕಾದರೆ ಮೊದಲು ಗಾಡಿಯನ್ನು ತಳ್ಳಲೇಬೇಕು. ನಾನು ಹೇಳಿದ್ದು ಅದು ಆಗಬಾರದೆಂದೇ. ಜೊತೆಗೆ ಕುದುರೆ ಎರಡು ಹೆಜ್ಜೆ ಹಿಂದೆ ಸರಿದರೂ ಬ್ರೇಕ್ ಬೀಳುತ್ತದೆ, ಹಿಂದೆ ಉರುಳುವಾಗ ತಾನೇ ಬಿಡುವ ಬಗೆಯ ಡ್ರಮ್ ಇದ್ದರೆ ಮಾತ್ರ ತಪ್ಪುತ್ತದೆ. ಟ್ರೈಲರ್ 500 ಕಿಲೋ ದಾಟಿದರೆ ಮತ್ತೆ ಮಾತಾಡೋಣ.

ಲಗಾಮು:

ಕುದುರೆಯ ಕಡೆಯಿಂದ ನಾಲ್ಕು ಮಾತು.

ಕೊಂಡಿಯಲ್ಲಿ ಆಟ ಇರಬಾರದು. ತೂತಿಗೆ ಗೂಟ ಸಿಕ್ಕಿಸುವ ಹಳೆಯ ಬಗೆಯಲ್ಲಿ ಒಂದು ಸೆಂ.ಮೀ. ಸಡಿಲ ಇದ್ದರೂ ಪ್ರತಿ ಹಳ್ಳದಲ್ಲಿ ಟಕ್ ಟಕ್ ಎಂದು ಜಗ್ಗುತ್ತದೆ, ಆ ಜಗ್ಗು ಎಳೆಪಟ್ಟಿಯ ಮೂಲಕ ನೇರ ಕುದುರೆಯ ಭುಜಕ್ಕೆ ಹೋಗುತ್ತದೆ. ಕುತ್ತಿಗೆಯ ಕಾಲರಿನ ಕೆಳಗೆ ರೋಮ ಉದುರಿ ಹುಣ್ಣಾಗುವುದು ಭಾರದಿಂದ ಮಾತ್ರವಲ್ಲ, ಇಂಥ ಜಗ್ಗಿನಿಂದಲೂ. ಗುಂಡಿನ ಕೊಂಡಿಯೇ ಒಳ್ಳೆಯದು, ಬಿಗಿ ಹೊಂದಿಸಿಕೊಳ್ಳಿ. ಅಡ್ಡ ಓಲಾಟಕ್ಕೆ ಅದು 20 ಡಿಗ್ರಿಯವರೆಗೆ ಬಿಡುತ್ತದೆ. ಒಂದು ಚಕ್ರ 30 ಸೆಂ.ಮೀ. ಆಳದ ಹಳ್ಳಕ್ಕೆ ಇಳಿದರೆ 12 ಡಿಗ್ರಿ ಆಗುವುದು, ಹಾಗಾಗಿ ಸಾಲುತ್ತದೆ. ಗಾಡಿ ಎಡಕ್ಕೂ ಟ್ರೈಲರ್ ಬಲಕ್ಕೂ ಒಟ್ಟಿಗೆ ವಾಲುವಂಥ ಜಾಗಕ್ಕೆ ಹೋಗಬೇಡಿ, ಅಷ್ಟೇ.

ಸದ್ದು. ಬೆನ್ನ ಹಿಂದೆ ಪಾತ್ರೆ ಕುಲುಕಿದರೆ, ಬಾಗಿಲ ಚಿಲಕ ಬಡಿದರೆ, ಕಣ್ಣುಪಟ್ಟಿ ಕಟ್ಟಿದ ಕುದುರೆಗೆ ಏನೆಂದು ನೋಡಲು ಆಗುವುದಿಲ್ಲ, ಓಡುವುದೊಂದೇ ಗೊತ್ತು. ಚಿಲಕಕ್ಕೆ ರಬ್ಬರ್, ಸರಪಳಿಗೆ ಹಳೆಯ ಸೈಕಲ್ ಟ್ಯೂಬಿನ ಕವಚ, ಪಾತ್ರೆಗಳ ನಡುವೆ ಬಟ್ಟೆ. ಜೋಡಿಸುವ ಮೊದಲು ಇಬ್ಬರು ಮನುಷ್ಯರು ಖಾಲಿ ಟ್ರೈಲರನ್ನು ಕುದುರೆಗಳ ಹಿಂದೆ, ಪಕ್ಕ, ಮುಂದೆ ಎಳೆದಾಡಿ ತೋರಿಸಲಿ. ಮೊದಲ ಎರಡು ಮೂರು ದಿನ ಖಾಲಿಯಾಗಿಯೇ ಎಳೆಸಿ.

ರಾತ್ರಿ ಕುದುರೆಯನ್ನು ಟ್ರೈಲರಿಗೆ ಕಟ್ಟಲೇಬೇಡಿ. 450 ಕಿಲೋ ಪ್ರಾಣಿ ಬೆದರಿದರೆ 200 ಕಿಲೋ ಪೆಟ್ಟಿಗೆ ಅದರ ಹಿಂದೆ ಹೊರಟುಹೋಗುತ್ತದೆ, ಒಳಗೆ ಮಲಗಿದವರ ಸಮೇತ.

ನಾಲ್ಕುಗಾಲಿ:

ಅಗಲದ ತಪ್ಪು ಕಣ್ಣಿಗೇ ಬಿದ್ದಿರಲಿಲ್ಲ, ಉಳಿಸಿದಿರಿ. ಬ್ರೇಕ್ ಕೇಬಲಿಗೆ ಬದಲಾಯಿಸುತ್ತೇನೆ. ಮೂರು ಪ್ರಶ್ನೆ ಉಳಿದವು. ಅಚ್ಚು ಎಲ್ಲಿ ಕೂರಬೇಕು? ಗಾಡಿಯ ಹಿಂದಿನ ಹಲಗೆಗೆ ಕೊಂಡಿ ಬೋಲ್ಟ್ ಮಾಡಬಹುದೇ? ಕ್ಯಾನ್ವಾಸ್ ಚಾವಣಿಯ ಕಮಾನು ಹೇಗೆ?

ಕೀಲೆಣ್ಣೆ:

ಹಲಗೆಗೆ ಬೇಡ. ಹಲಗೆ ಕಿತ್ತು ಬರುತ್ತದೆ. ಮುಂದಿನ ಚಕ್ರಗಳನ್ನು ಅತ್ತಿತ್ತ ತಿರುಗಿಸುವ ತಿರುಗುಮಣೆಯಿಂದ ಹಿಂದಿನ ಅಚ್ಚಿಗೆ ಹೋಗುವ ಉದ್ದ ತೊಲೆ ಇದೆಯಲ್ಲ, ಕೊಂಡಿಯ ಎಳೆತ ಅದಕ್ಕೆ ಸೇರಬೇಕು. ತೊಲೆ ಅಚ್ಚಿನ ಬಳಿಯೇ ಮುಗಿದಿದ್ದರೆ ಅದರ ಕೆಳಗಿನಿಂದ ಒಂದು ಪೈಪು ಹಿಂದಕ್ಕೆ ತಂದು, ಅಚ್ಚಿನ ಮೇಲೂ ತೊಲೆಯ ಮೇಲೂ ಯು-ಬೋಲ್ಟಿನಿಂದ ಹಿಡಿಸಿ. ಕೊಂಡಿ ಹಲಗೆಯ ಅಂಚಿಗಿಂತ ಕೈಯಗಲ ಹಿಂದೆ ಇದ್ದರೆ ಸಾಕು. ಗುಂಡು ಕಳಚಿದರೂ ಮೂತಿ ನೆಲಕ್ಕೆ ಬೀಳದಂತೆ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಅಡ್ಡ ಹಾಕಿ.

ಕಾರಿನ ಟ್ರೈಲರಿಗೆ ಮೂತಿಯ ಭಾರ ಶೇ. 10 ಎನ್ನುತ್ತಾರೆ, ಅದು ವೇಗದಲ್ಲಿ ಬಾಲ ಬೀಸದಿರಲಿ ಎಂದು. ಕುದುರೆ ನಡಿಗೆಗೆ ಶೇ. 7 ಧಾರಾಳ, 280 ಕಿಲೋಗೆ 20 ಕಿಲೋ. ಗುಂಡಿನಿಂದ ಪೆಟ್ಟಿಗೆಯ ಮುಂದಿನ ಗೋಡೆಗೆ 95 ಸೆಂ.ಮೀ. ಬಿಡಿ. ಗಾಡಿಯ ಹಿಂಬದಿಯ ಅರ್ಧ ಅಗಲ 75, ಅದಕ್ಕಿಂತ ಇದು ಹೆಚ್ಚಿದ್ದರೆ ಪೂರ್ತಿ ಅಡ್ಡ ತಿರುಗಿದರೂ ಪೆಟ್ಟಿಗೆಯ ಮೂಲೆ ಗಾಡಿಗೆ ತಾಗದು. ಹಾಗಾದರೆ ಪೆಟ್ಟಿಗೆಯ ನಡು ಗುಂಡಿನಿಂದ 2.05 ಮೀಟರ್. ಅಚ್ಚನ್ನು 2.2ರಲ್ಲಿ ಕೂರಿಸಿ, ಅಂದರೆ ನಡುವಿಗಿಂತ 15 ಸೆಂ.ಮೀ. ಹಿಂದೆ. ಸಾಮಾನು ಸಮವಾಗಿ ತುಂಬಿದರೆ ಮೂತಿಯ ಭಾರ 19 ಕಿಲೋ ಬರುತ್ತದೆ. ಲೆಕ್ಕ ನಂಬಬೇಡಿ, ತುಂಬಿದ ಮೇಲೆ ಮೂತಿಯ ಕೆಳಗೆ ಮನೆಯಲ್ಲಿ ಮೈತೂಕ ನೋಡುವ ಮೆಷಿನ್ ಇಟ್ಟು ನೋಡಿ. ನೀರಿನ ಕ್ಯಾನುಗಳು ಅಚ್ಚಿನ ನೇರಕ್ಕೇ ಇರಲಿ, ಆಗ ನೀರು ಖಾಲಿಯಾದರೂ ಮೂತಿ ಹಗುರಾಗುವುದಿಲ್ಲ.

ಇನ್ನೊಂದು, ಹಿಂದಕ್ಕೆ ಸರಿಸುವ ಆಸೆ ಬಿಡಿ. ಮುಂದಿನ ತಿರುಗುಮಣೆ ಒಂದು ಮಡಿಕೆ, ಕೊಂಡಿ ಎರಡನೇ ಮಡಿಕೆ. ಎರಡು ಮಡಿಕೆಯ ಸಾಲನ್ನು ಕುದುರೆ ಕೈಲಿ ನೇರ ಹಿಂದಕ್ಕೆ ತಳ್ಳಿಸಲಾಗದು. ಕಳಚಿ, ಜಾಕಿ ಚಕ್ರದ ಮೇಲೆ ಕೈಯಲ್ಲಿ ತಿರುಗಿಸಿ.

ಗರಗಸ:

ಕಮಾನು ನನ್ನ ಪಾಲಿಗಿರಲಿ. 4 ಎಂಎಂ ದಪ್ಪ, 40 ಎಂಎಂ ಅಗಲದ ಮರದ ಪಟ್ಟಿ ಐದು ಪದರ, ನೀರು ತಡೆಯುವ ಅಂಟು ಹಚ್ಚಿ ಅಚ್ಚುಮಣೆಯ ಮೇಲೆ ಬಾಗಿಸಿ ಕ್ಲಾಂಪ್ ಮಾಡಿ ರಾತ್ರಿಯಿಡೀ ಬಿಡಿ. 15 ಸೆಂ.ಮೀ.ಗೊಂದು ಕ್ಲಾಂಪ್ ಬೇಕು, ಕಡಿಮೆಯಾದರೆ ಪದರದ ನಡುವೆ ಬಾಯಿ ಬಿಡುತ್ತದೆ. ಬಿಚ್ಚಿದಾಗ ಸ್ವಲ್ಪ ಹಿಗ್ಗುವುದರಿಂದ ಅಚ್ಚುಮಣೆಯ ಬಾಗು ಬೇಕಾದ್ದಕ್ಕಿಂತ ಚೂರು ಬಿಗಿಯಾಗಿರಲಿ. 55 ಸೆಂ.ಮೀ.ಗೊಂದರಂತೆ ಐದು ಕಮಾನು. 1.4 ಅಗಲಕ್ಕೆ ನಡುವಿನಲ್ಲಿ 55 ಸೆಂ.ಮೀ. ಎತ್ತರ ಕೊಟ್ಟರೆ ಕಮಾನಿನ ಉದ್ದ 1.92 ಮೀಟರ್. ಬಟ್ಟೆ ಎರಡೂ ಕಡೆ ಮಡಿಚಲು 15 ಸೆಂ.ಮೀ. ಸೇರಿ 2.2, ಉದ್ದಕ್ಕೆ ಹಿಂದೆ ಮುಂದೆ ಚಾಚು ಸೇರಿ 2.8.

ಚದರ ಮೀಟರಿಗೆ 400 ಗ್ರಾಂ ತೂಗುವ ಹತ್ತಿ ಕ್ಯಾನ್ವಾಸ್ ತಗೊಳ್ಳಿ, ಪ್ಲಾಸ್ಟಿಕ್ ಟಾರ್ಪಾಲು ಬೇಡ. ಇಬ್ಬರ ಉಸಿರಿನ ತೇವ ಟಾರ್ಪಾಲಿನ ಒಳಮೈಗೆ ಹನಿಗಟ್ಟಿ ಬೆಳಗಿನ ಜಾವ ಕಮಾನಿನಿಂದ ಕಮಾನಿಗೆ ಸಾಲಾಗಿ ತೊಟ್ಟಿಕ್ಕುತ್ತದೆ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲು ಒಮ್ಮೆ ಪೂರ್ತಿ ನೆನೆಸಿ ಒಣಗಿಸಿ. ಹಾಗೇ ಹೊಲಿದರೆ ಮೊದಲ ಮಳೆಗೇ ಕುಗ್ಗಿ, ಕೊಕ್ಕೆಯ ತೂತುಗಳು ಕೊಕ್ಕೆಗೆ ಎಟುಕುವುದಿಲ್ಲ. ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಒಂದು, ಮುಂದಿನ ಗೋಡೆಯ ಕೆಳಗೆ ಒಂದು ಜಾಲರಿ ಕಿಂಡಿ, ಮುಚ್ಚಲಾಗದಂತೆ. ಒಳಗೆ ಗ್ಯಾಸ್ ಒಲೆ ಹಚ್ಚಬೇಡಿ.

ದೀಪದ ವಿಷಯ ಯಾರೂ ಹೇಳಲಿಲ್ಲ: ಟ್ರೈಲರ್ ಗಾಡಿಯ ಹಿಂದಿನ ದೀಪ, ಹೊಳೆಯುವ ಪಟ್ಟಿ ಎಲ್ಲವನ್ನೂ ಮರೆಮಾಡುತ್ತದೆ. ಅವನ್ನು ಟ್ರೈಲರಿನ ಬೆನ್ನಿಗೆ ಮತ್ತೆ ಹಾಕಲೇಬೇಕು. ಕುದುರೆಗಾಡಿಗೆ ಎರಡನೇ ಗಾಡಿ ಕಟ್ಟಲು ನಿಮ್ಮ ರಸ್ತೆ ನಿಯಮ ಬಿಡುತ್ತದೆಯೇ ಅಂತಲೂ ಮೊದಲೇ ವಿಚಾರಿಸಿ.

ತಿರುಪು:

ಏರಿನಲ್ಲಿ ನಿಲ್ಲಿಸಲು ಹಳೆಯ ಉಪಾಯ ಒಂದಿದೆ. 10 ಸೆಂ.ಮೀ. ದಪ್ಪದ ಮರದ ಉರುಳೆಯನ್ನು ಟ್ರೈಲರಿನ ಒಂದು ಚಕ್ರದ ಹಿಂದೆ ಸರಪಳಿಯಲ್ಲಿ ನೇತುಹಾಕಿ, ಏರು ಬಂದಾಗ ನೆಲಕ್ಕೆ ಬಿಟ್ಟುಬಿಡುವುದು. ಚಕ್ರದ ಹಿಂದೆ ಉರುಳುತ್ತಾ ಬರುತ್ತದೆ, ಕುದುರೆ ನಿಂತ ಕ್ಷಣ ಚಕ್ರ ಅದರ ಮೇಲೆ ಕೂತು ನಿಲ್ಲುತ್ತದೆ. ಕೈಬ್ರೇಕಿಗಿಂತ ಬೇಗ. ಸಮತಟ್ಟಿಗೆ ಬಂದಾಗ ಮೇಲಕ್ಕೆ ಸಿಕ್ಕಿಸುವುದು ಮರೆಯಬೇಡಿ.

ಕೀಲೆಣ್ಣೆ:

ಬಣ್ಣ ಹೊಡೆಯುವ ಮೊದಲು ಒಂದು ಪರೀಕ್ಷೆ. ಅಚ್ಚು ವೆಲ್ಡ್ ಮಾಡುವಾಗ ಗುಂಡಿನ ನಡುವಿನಿಂದ ಅಚ್ಚಿನ ಎಡ ತುದಿಗೂ ಬಲ ತುದಿಗೂ ಅಳೆದು ನೋಡಿ, ವ್ಯತ್ಯಾಸ 3 ಎಂಎಂ ದಾಟಬಾರದು. ದಾಟಿದರೆ ಟ್ರೈಲರ್ ಏಡಿಯಂತೆ ಓರೆಯಾಗಿ ಬರುತ್ತದೆ. ಬೇರಿಂಗ್ ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿ ಮಾಡಿ, ತಡೆ ಗೊತ್ತಾದ ಕೂಡಲೇ ಕಾಲು ಸುತ್ತು ಸಡಿಲಿಸಿ, ಹತ್ತಿರದ ತೂತಿಗೆ ಪಿನ್ನು ಹಾಕಿ. ಟೈರಿಗೆ ಡಾಂಬರಿನಲ್ಲಿ 35 ಪಿಎಸ್‌ಐ, ಹುಲ್ಲುನೆಲಕ್ಕೆ 20.

ಆಮೇಲೆ 280 ಕಿಲೋ ತುಂಬಿ, ಸಮತಟ್ಟಾದ ಡಾಂಬರಿನ ಮೇಲೆ ಮೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಮೂತಿ ಜಾಕಿ ಚಕ್ರದ ಮೇಲಿರುವಂತೆ ನಿಧಾನವಾಗಿ ಎಳೆಯಿರಿ. ಹೊರಡುವಾಗಿನ ಅಂಕಿ ಬೇಡ, ಉರುಳುತ್ತಿರುವಾಗಿನದು ನೋಡಿ. 5ರಿಂದ 6 ಕಿಲೋ ತೋರಿಸಿದರೆ ಸರಿ. 9, 10 ತೋರಿಸಿದರೆ ಎಲ್ಲೋ ಕಚ್ಚುತ್ತಿದೆ ಎಂದೇ ಅರ್ಥ. ಚಕ್ರಗಳನ್ನು ಒಂದೊಂದಾಗಿ ಎತ್ತಿ ಕೈಯಲ್ಲಿ ತಿರುಗಿಸಿ. ಡ್ರಮ್ ಒಂದೇ ಜಾಗದಲ್ಲಿ ಉಜ್ಜಿದರೆ ಅದು ವಕ್ರವಾಗಿದೆ, ಸುತ್ತಿಡೀ ಉಜ್ಜಿದರೆ ಕೇಬಲ್ ಬಿಗಿ, ಸದ್ದಿಲ್ಲದೆ ಭಾರವಾಗಿ ತಿರುಗಿದರೆ ಬೇರಿಂಗ್ ಬಿಗಿ. ಎರಡೂ ಸಲೀಸಾಗಿ ತಿರುಗಿಯೂ ತಕ್ಕಡಿ 10 ತೋರಿಸಿದರೆ ಅಚ್ಚು ಓರೆಯಾಗಿರಬಹುದು, ಟೇಪು ಹಿಡಿದು ಮತ್ತೆ ಗುಂಡಿನಿಂದ ಅಳೆಯಿರಿ.